ಭಜ್ಜಿಗೆ ಬೇಕಾದ ಹೊಲ

ಎಳ್ಳ ಅಮಾವಾಸ್ಯೆಯ ಭಜ್ಜಿ ಒಂದೇ ಬೆಳೆಯ ಹೊಲದಿಂದ ಹುಟ್ಟುವುದಿಲ್ಲ. ಕಮಲನಗರ, ಔರಾದ, ಭಾಲ್ಕಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಸಿ ತೊಗರಿ, ಅವರೆ, ವಟಾಣಿ, ಕಡ್ಲಿ, ಶೇಂಗಾ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಹುಣಸೆ ಹುಳಿ, ಕೊನೆಗೆ ಕಡ್ಲಿ ಹಿಟ್ಟು. ಇಷ್ಟೂ ಒಂದೇ ಗಡಿಗೆಯಲ್ಲಿ ಕುದ್ದು, ಒಂದರ ರುಚಿ ಇನ್ನೊಂದನ್ನು ತುಳಿಯದೆ ನಿಂತರೆ ಅದು ಭಜ್ಜಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಜೋಳದ ಅಂಬಲಿ. ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರ ಪೂಜೆ, ಹೊಲಕ್ಕೆಲ್ಲ ಚರಗ, ಆಮೇಲೆ ಊಟ. ಅಂದು ಹೊಲವಿಲ್ಲದವರೂ ಯಾರದೋ ಹೊಲದಲ್ಲಿ ಉಣ್ಣುತ್ತಾರೆ. ದಾರಿಹೋಕರನ್ನು ಕರೆದು ಕೂರಿಸುತ್ತಾರೆ. ನಗರಗಳು ಸಮುದಾಯ ತೋಟವೆಂದು ಈಗ ಕಟ್ಟುತ್ತಿರುವುದರ ಅರ್ಧ ನಮ್ಮಲ್ಲಿ ವರ್ಷಕ್ಕೊಂದು ದಿನವಾದರೂ ಉಳಿದಿದೆ.

ಉಳಿದರ್ಧ, ಅಂದರೆ ಹಲವು ಬೆಳೆಯ ಹೊಲ, ಜಾರುತ್ತಿದೆ. ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟೂ ಸೋಯಾ. ಮೂರೂವರೆ ತಿಂಗಳೊಳಗಿನ ಬೆಳೆ, ರೊಕ್ಕ ಬೇಗ ಬರುತ್ತದೆ. ಸಾಲದ ಕಂತು ಕಟ್ಟಬೇಕಾದ ರೈತನನ್ನು ಅದಕ್ಕಾಗಿ ದೂರಲಾರೆ. ಆದರೆ ಅದು ಗಿರಣಿಗೆ ಹೋಗುವ ಕಾಳು, ನಮ್ಮ ಒಲೆಗೆ ಬರುವುದಿಲ್ಲ. ಅದಕ್ಕೆ ಹೊಡೆಯುವ ಕಳೆನಾಶಕಕ್ಕೆ ಬಿತ್ತದೆಯೇ ಬರುತ್ತಿದ್ದ ಹತ್ತರಕಿಯಂಥ ತಪ್ಪಲೂ ಬಲಿ. ಭಜ್ಜಿಯ ಕಾಳನ್ನು ಪೇಟೆಯಿಂದ ಕೊಂಡು ಹೊಲಕ್ಕೆ ಒಯ್ಯುವುದನ್ನು ಕಂಡರೆ ಸಂಕಟವಾಗುತ್ತದೆ.

ಹಿಂಗಾರಿನ ಎರೆ ಹೊಲ ಇನ್ನೂ ಉದಾರಿ. ಕಡ್ಲಿ ಗಿಡ ಗೇಣುದ್ದ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಚಿವುಟಿದ ಕುಡಿ ಪಲ್ಲೆಯಾಗುತ್ತದೆ. ಎಲೆಯ ಸಣ್ಣ ರೋಮಗಳಲ್ಲಿ ಹುಳಿ ಒಸರುವುದರಿಂದ ಅದಕ್ಕೆ ಹುಣಸೆ ಬೇಡ. ಚೆನ್ನಾಗಿ ತೊಳೆದರೆ ಆ ಹುಳಿಯೇ ಹೋಗುತ್ತದೆ. ಹಾಗಾಗಿ ಔಷಧ ಹೊಡೆಯದ ಹೊಲದ್ದೇ ಬೇಕು, ಅಂದರೆ ಹೊಲದವರ ಪರಿಚಯ ಬೇಕು. ಪ್ಯಾಕೆಟ್ಟಿನ ಮೇಲಿನ ಯಾವ ಮುದ್ರೆಯೂ ಆ ಪರಿಚಯಕ್ಕೆ ಸಮವಲ್ಲ.

ಹಲವು ಬೆಳೆಯ ಹೊಲ ಉಳಿಸುವ ದಾರಿ ತೋರಿದವರು ದೂರದವರೇನಲ್ಲ. ನೆರೆಯ ತೆಲಂಗಾಣದ ಜಹೀರಾಬಾದ್ ಬಳಿ, ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದನ್ನು ಕಟ್ಟಿದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳಲ್ಲಿ ಹೆಚ್ಚಿನವರು ತುಂಡು ಭೂಮಿಯ ದಲಿತ ಹೆಣ್ಣುಮಕ್ಕಳು. ಜೋಳ, ಸಜ್ಜೆ, ನವಣೆ, ತೊಗರಿ, ಹೆಸರನ್ನು ಒಂದೇ ಹೊಲದಲ್ಲಿ ಕೂಡಿಸಿ ಬಿತ್ತುತ್ತಾರೆ. ಬೀಜಕ್ಕೆ ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಯಲ್ಲಿ ಕಾಯ್ದಿಡುತ್ತಾರೆ. ಬೇಕಾದವರು ಒಯ್ದು, ಸುಗ್ಗಿಯಲ್ಲಿ ಹೆಚ್ಚಿಸಿ ಹಿಂದಿರುಗಿಸಬೇಕು, ಮಾರಾಟದ ಮಾತಿಲ್ಲ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಕಮಲನಗರದಲ್ಲಿ ಶುರುಮಾಡಲು ಸಂಸ್ಥೆಯೂ ಬೇಕಿಲ್ಲ. ಸೋಯಾ ನಡುವೆ ತೊಗರಿ ಸಾಲು ಬಿಡುವ ರೈತರು ಇದ್ದಾರೆ. ಬದುವಿಗೆ ಅವರೆ, ಪುಂಡಿ ಸೇರಿದರಾಯಿತು. ಪೇಟೆಯ ಹತ್ತು ಮನೆಯವರು ಕೂಡಿ ಮಿರಗದ ಮಳೆಗೂ ಮುಂಚೆ ಹೋಗಿ, "ಕಾಕಾ, ಈ ವರ್ಷದ ಭಜ್ಜಿ ಕಾಳು ನಿಮ್ಮ ಹೊಲದ್ದೇ, ಬೀಜದ ರೊಕ್ಕ ಈಗೇ ತಗೋರಿ" ಎನ್ನಬೇಕು. ಮಳೆ ಕೈಕೊಟ್ಟರೆ ಆ ರೊಕ್ಕ ತಿರುಗಿ ಕೇಳಬಾರದು. ಗಾಣದ ಕುಸುಬೆ ಎಣ್ಣೆಯನ್ನೂ ಕೇಳಿ ಕೊಳ್ಳಿ. ಕೊಳ್ಳುವವರಿದ್ದರೆ ಬಿಳಿಜೋಳದ ಹೊಲದಂಚಿಗೆ ಕುಸುಬೆಯ ಮುಳ್ಳುಸಾಲು ಮತ್ತೆ ಬಂದೀತು, ದನ ನುಗ್ಗುವುದೂ ತಪ್ಪೀತು.