ಹಂಸಪ್ರಭಾದಿಂದ ಬಾಲಗಂಧರ್ವ ನಾಟ್ಯಗೃಹಕ್ಕೆ

ಸಂಗೀತ ನಾಟಕವೆಂಬ ಮರಾಠಿ ರಂಗಪ್ರಕಾರ, ಅಂದರೆ ಮಾತಿನ ನಡುನಡುವೆ ನಟರೇ ರಾಗಬದ್ಧ ಪದಗಳನ್ನು ಹಾಡಿ ಕಥೆಯನ್ನು ಮುನ್ನಡೆಸುವ ನಾಟಕ, ಬೆಳೆದದ್ದು ಧ್ವನಿವರ್ಧಕವಿಲ್ಲದ ಕಾಲದಲ್ಲಿ. ಆದ್ದರಿಂದ ಅಂಥ ನಾಟಕಗಳ ಹಳೆಯ ರಂಗತಾಣವೊಂದನ್ನು ಹೊಸ ಕಾಲಕ್ಕೆ ಸಜ್ಜುಗೊಳಿಸುವಾಗ, ಕೊನೆಯ ಸಾಲಿನವರೆಗೂ ಬರಿಯ ಕಂಠ ಮುಟ್ಟುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಾಗುತ್ತದೆ. ಮಹಾರಾಷ್ಟ್ರದ ಮಿರಜ್‌ನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಮುಂದೆ ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ (1888–1967) ಅವರು 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ರಂಗವೇರಿದ್ದು ಇಲ್ಲಿನ ಹಂಸಪ್ರಭಾ ಥಿಯೇಟರಿನಲ್ಲಿ. ಅದೇ ಜಾಗದಲ್ಲಿ ಇಂದು ಮಹಾನಗರಪಾಲಿಕೆಯ ಬಾಲಗಂಧರ್ವ ನಾಟ್ಯಗೃಹವಿದೆ.

ಬಾಲಗಂಧರ್ವರ ಕಾಲದ ಪ್ರಯೋಗದಲ್ಲಿ ರಂಗದ ಮುಂದೆ ಆರ್ಗನ್ (ಕಾಲಿನಿಂದ ಗಾಳಿಯೊತ್ತಿ ನುಡಿಸುವ ಪೆಟ್ಟಿಗೆ), ಪಕ್ಕದಲ್ಲಿ ತಬಲಾ. ನಟ ಅಂಚಿನವರೆಗೆ ಬಂದು ಪದ ಎತ್ತಿಕೊಂಡರೆ ಸಭೆಯಿಂದ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು, ಅದೇ ಪದ ಹೊಸ ತಾನಗಳೊಡನೆ ಮತ್ತೆ ಬರುತ್ತಿತ್ತು. ಆದರೆ ನವೀಕರಣದೊಡನೆ ಬರುವ ದಪ್ಪ ಪರದೆ, ರತ್ನಗಂಬಳಿ, ಮೆತ್ತೆಯ ಕುರ್ಚಿಗಳು ದನಿಯನ್ನು ಹೀರಿಕೊಳ್ಳುತ್ತವೆ. ಹವಾನಿಯಂತ್ರಕದ ಗುಂಯ್‌ಗುಡುವಿಕೆ ಷಡ್ಜದ ಕೆಳಗೆ ಇನ್ನೊಂದು ಬೇಡದ ಶ್ರುತಿಯನ್ನು ಹಿಡಿದಿರುತ್ತದೆ. ತಂಬೂರಿ ತಯಾರಿಕೆಗೆ ದೇಶವೇ ಗುರುತಿಸುವ, ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರಿನಲ್ಲಿ ಇದನ್ನು ಸಹಿಸುವುದು ಸಲ್ಲದು. ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿದವರೆಂಬುದನ್ನು ಧಾರವಾಡ ಸೀಮೆಯ ಕೇಳುಗರು ಬಲ್ಲರು.

ಮರಾಠಿ ರಂಗಭೂಮಿಯೊಡನೆ ಕನ್ನಡದ ನಂಟು ಇನ್ನೂ ಹಿಂದಿನದು. ಉತ್ತರ ಕನ್ನಡದಲ್ಲಿ ಹೊನ್ನಾವರದ ಬಳಿಯ ಕರ್ಕಿಯಿಂದ ಮಿರಜ್ ಪಕ್ಕದ ಸಾಂಗ್ಲಿಗೆ ಬಂದ ಭಾಗವತ ಮೇಳದ (ಯಕ್ಷಗಾನ ತಂಡದ) ಆಟವನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಅಂಥದ್ದನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ‘ಸೀತಾ ಸ್ವಯಂವರ’ ಪ್ರದರ್ಶನಗೊಂಡಿತು, ಅದರ ನೆನಪಿಗೆ ನವೆಂಬರ್ 5 ಮರಾಠಿ ರಂಗಭೂಮಿ ದಿನವಾಯಿತು. ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ.

ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ, ಗಾಯಕನಟ ಕೇಶವರಾವ್ ಭೋಸಲೆಯವರ ಹೆಸರಿನ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾದ ಮೇಲೆ, ಅಗ್ನಿ ಸುರಕ್ಷತೆಯೂ ನವೀಕರಣದ ಭಾಗವೆಂದು ಬೇರೆ ಹೇಳಬೇಕಾಗಿಲ್ಲ. ಮಿರಜ್‌ನ ರಂಗವನ್ನು ನಡೆಸುವವರು ವರ್ಷಕ್ಕೊಂದು ಸಂಜೆಯನ್ನಾದರೂ ಮೈಕಿಲ್ಲದ ನಾಟ್ಯಸಂಗೀತಕ್ಕೆ ಮೀಸಲಿಡಬೇಕು. ನವೆಂಬರ್ 5ರಂದು ಹೊನ್ನಾವರ ಸೀಮೆಯ ಯಕ್ಷಗಾನ ಮೇಳವೊಂದನ್ನು ಅಲ್ಲಿಗೆ ಕರೆಸಬೇಕು.