ಫಾಸ್ಟರ್ ಮನೆಯವರು ಹೇಳದೆ ಬಿಡುವ ಮಾತು

ಬೀದಿಯಿಂದ ಎತ್ತಿ ತಂದ ನಾಯಿಮರಿ, ಬೆಕ್ಕಿನಮರಿಗಳನ್ನು ದತ್ತು ಹೋಗುವ ತನಕ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ‘ಫಾಸ್ಟರ್’ ಮನೆಯವರಿಗೆ ಬೆಂಗಳೂರಿನಲ್ಲಿ ಈಗ ಒಳ್ಳೆಯ ಹೆಸರಿದೆ. ಅದು ಸಲ್ಲಬೇಕಾದ ಗೌರವವೇ. ಆದರೆ ಅವರ ಕರುಣೆ, ಮಮತೆ, ಕೊಟ್ಟು ಕಳಿಸುವಾಗಿನ ಕಣ್ಣೀರು, ಇಷ್ಟನ್ನೇ ಎಲ್ಲರೂ ಕೊಂಡಾಡುತ್ತಾರೆ. ಪಂಜರದಲ್ಲಿ ಗೊತ್ತಾಗದ ಪ್ರಾಣಿಯ ಸ್ವಭಾವ ಮನೆಯಲ್ಲಿ ಗೊತ್ತಾಗುತ್ತದೆ. ಈ ಪದ್ಧತಿಯ ನಿಜವಾದ ಬೆಲೆ ಇರುವುದು ಅಲ್ಲಿ. ಆ ತಿಳಿವಳಿಕೆಯನ್ನು ದತ್ತು ಕೊಡುವ ದಿನವೇ ಕೈಚೆಲ್ಲುತ್ತಿದ್ದೇವೆ ಎಂಬುದು ನನ್ನ ತಕರಾರು.

ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕ್ಯೂಪಾ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆ ಸ್ಥಾಪಿಸಿದಂದಿನಿಂದ ಈ ನಗರದಲ್ಲಿ ಪ್ರಾಣಿರಕ್ಷಣೆ ಬೆಳೆದ ಬಗೆ, ಶೆಲ್ಟರುಗಳ ಇಕ್ಕಟ್ಟು ಇವನ್ನು ಮತ್ತೆ ವಿವರಿಸಬೇಕಾಗಿಲ್ಲ. ಫಾಸ್ಟರ್ ಮನೆ ಬೇಕು ಎನ್ನುವುದಕ್ಕೆ ಜಾಗದ ಅಭಾವಕ್ಕಿಂತ ಬಲವಾದ ಕಾರಣವೊಂದಿದೆ. ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದ ತನಕ ಕಂಡು ಕೇಳಿದ್ದಕ್ಕೆಲ್ಲ ನಾಯಿಮರಿ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಅಮೆರಿಕದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಲಿ ಹಾಕಿದ ಬಯಲಿನಲ್ಲಿ ಹದಿನಾಲ್ಕು ವಾರ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಆಮೇಲೆ ಮನುಷ್ಯರನ್ನು ಕಂಡರೆ ಹೆದರುತ್ತಲೇ ಉಳಿದವು. ಪಾರ್ವೊ ಎಂಬ ವೈರಸ್ ರೋಗ ಕಾಡುವುದೂ ಇದೇ ವಾರಗಳಲ್ಲಿ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಆರೆಂಟು ವಾರಕ್ಕೆ ಶುರುವಾದ ಚುಚ್ಚುಮದ್ದು ಹದಿನಾರನೇ ವಾರದ ತನಕ ನಡೆಯಬೇಕು. ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಲದು, ಬ್ಲೀಚ್ ಬೇಕು. ಹಲವು ನಾಯಿಗಳು ಬಂದುಹೋಗುವ ಶೆಲ್ಟರಿನಲ್ಲಿ ಮರಿಯನ್ನು ಉಳಿಸಿಕೊಳ್ಳಬೇಕಾದರೆ ಬೇರೆಯಾಗಿ ಇಡಬೇಕು. ಬೇರೆ ಇಟ್ಟರೆ ಅದು ಪುಕ್ಕಲಾಗುತ್ತದೆ. ಈ ಎರಡನ್ನೂ ಒಟ್ಟಿಗೆ ಸಂಭಾಳಿಸುವುದಕ್ಕೆ ಒಂದು ಸಾಧಾರಣ ಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಇಷ್ಟು ಬೆಲೆಬಾಳುವ ವಾರಗಳಲ್ಲಿ ತಿಳಿದುಕೊಂಡದ್ದು ಕೊನೆಗೆ ಯಾವ ರೂಪದಲ್ಲಿ ದತ್ತು ಪಡೆಯುವವರನ್ನು ತಲುಪುತ್ತದೆ? ವಾಟ್ಸಾಪಿನಲ್ಲಿ ಓಡಾಡುವ ಮನವಿಯ ರೂಪದಲ್ಲಿ. ಅದರ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಮೂರು ತಿಂಗಳ ಹೆಣ್ಣು ಮರಿ. ತುಂಬಾ ಫ್ರೆಂಡ್ಲಿ. ಮಕ್ಕಳ ಜೊತೆ ಚೆನ್ನಾಗಿರುತ್ತಾಳೆ. ವ್ಯಾಕ್ಸಿನ್ ಆಗಿದೆ. ಟಾಯ್ಲೆಟ್ ಟ್ರೈನಿಂಗ್ ಆಗಿದೆ. ಪ್ರೀತಿಸುವ ಮನೆ ಬೇಕು.’

ಒಂದೊಂದೇ ವಾಕ್ಯ ನೋಡೋಣ. ವ್ಯಾಕ್ಸಿನ್ ಆಗಿದೆ, ಸರಿ. ಎಷ್ಟು ಡೋಸ್, ಯಾವ ದಿನಾಂಕ? ಮೂರು ತಿಂಗಳಿಗೆ ಆ ಸರಣಿ ಮುಗಿದಿರುವುದಿಲ್ಲ, ರೇಬೀಸ್ ಲಸಿಕೆಗೆ ಆಗಷ್ಟೇ ವಯಸ್ಸಾಗಿರುತ್ತದೆ. ಈ ಒಂದು ವಾಕ್ಯ ನಂಬಿದವರು ಮರುದಿನವೇ ಮರಿಯನ್ನು ಪಾರ್ಕಿಗೆ ಕರೆದೊಯ್ಯುತ್ತಾರೆ. ಮಕ್ಕಳ ಜೊತೆ ಚೆನ್ನಾಗಿರುತ್ತಾಳೆ. ಯಾವ ವಯಸ್ಸಿನ ಮಕ್ಕಳು? ಹನ್ನೆರಡು ವರ್ಷದ ಹುಡುಗನ ಮಡಿಲಲ್ಲಿ ನಿದ್ದೆ ಮಾಡಿದ ಮರಿ, ಬಾಲ ಹಿಡಿದೆಳೆಯುವ ಎರಡು ವರ್ಷದ ಕೂಸಿನ ಹತ್ತಿರ ಹೇಗಿರುತ್ತದೆ ಎಂದು ಯಾರೂ ನೋಡಿಲ್ಲ. ಟಾಯ್ಲೆಟ್ ಟ್ರೈನಿಂಗ್ ಆಗಿರುವುದು ಬಾಲ್ಕನಿಯ ಹಳೇ ಪೇಪರಿನ ಮೇಲೋ, ಹುಲ್ಲಿನ ಮೇಲೋ? ಪೇಪರಿಗೆ ಒಗ್ಗಿದ ಮರಿ ಹೊಸ ಮನೆಯ ಹಾಲಿನಲ್ಲಿ ಪೇಪರ್ ಹುಡುಕಿ, ಸಿಗದೆ ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತದೆ. ಹೊಸಬರು ಅದಕ್ಕೆ ಮೊಂಡು ಎಂಬ ಪಟ್ಟ ಕಟ್ಟುತ್ತಾರೆ.

ಮನವಿ ಬರೆದವರಿಗೆ ಗೊತ್ತಿರುವುದು ಇದಕ್ಕಿಂತ ಎಷ್ಟೋ ಹೆಚ್ಚು. ಕುಕ್ಕರ್ ಕೂಗಿದರೆ ಮರಿ ಮಂಚದಡಿ ಸೇರುತ್ತದೆ, ಮಿಕ್ಸಿಗೆ ಹೆದರುವುದಿಲ್ಲ. ತಟ್ಟೆಯ ಹತ್ತಿರ ಯಾರಾದರೂ ಬಂದರೆ ಮೈ ಬಿಗಿಹಿಡಿದು, ಗಬಗಬ ತಿನ್ನುತ್ತದೆ. ಗುರುಗುಟ್ಟುವುದಕ್ಕೆ ಮೊದಲು ಒಂದು ಗಳಿಗೆ ಅಲುಗಾಡದೆ ನಿಲ್ಲುತ್ತದೆ. ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆ, ಇನ್ನೊಂದು ನಾಯಿ ಜೊತೆಗಿದ್ದರೆ ಸುಮ್ಮನೆ ಮಲಗುತ್ತದೆ. ಮನೆಯಲ್ಲಿಟ್ಟುಕೊಂಡವರಿಗಲ್ಲದೆ ಬೇರೆಯವರಿಗೆ ಇದು ತಿಳಿಯುವ ಮಾತಲ್ಲ. ಆದರೂ ಬರೆಯುವುದಿಲ್ಲ, ಬರೆದರೆ ಯಾರೂ ಕರೆದೊಯ್ಯುವುದಿಲ್ಲವೆಂಬ ಭಯ. ಇದು ವಧುವಿನ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದಂತೆ: ಮುಚ್ಚಿಟ್ಟವರು ಪಾರಾಗುತ್ತಾರೆ, ಅನುಭವಿಸುವ ಜೀವ ಬೇರೆ. ಹೀಗೆ ಹೋದ ಪ್ರಾಣಿ ವಾಪಸ್ ಬಂದರೆ ಅದರ ಮೇಲೆ ‘ಒಮ್ಮೆ ತಿರುಗಿ ಬಂದದ್ದು’ ಎಂಬ ಮಾತು ಸೇರಿಕೊಂಡು ಎರಡನೇ ಮನೆ ಇನ್ನೂ ದುರ್ಲಭವಾಗುತ್ತದೆ.

ಈ ಪದ್ಧತಿಯನ್ನೇ ಅಲ್ಲಗಳೆಯುವ ಟೀಕಾಕಾರರಿದ್ದಾರೆ. ಬೀದಿನಾಯಿ ಬೀದಿಯಲ್ಲೇ ಇರಲಿ ಎನ್ನುವವರ ಮಾತು ಆರೋಗ್ಯವಾಗಿರುವ ದೊಡ್ಡ ನಾಯಿಯ ಮಟ್ಟಿಗೆ ನಿಜ. ಸಂತಾನಹರಣ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುವುದೂ ಅದನ್ನೇ. ಆದರೆ ತಾಯಿ ಸತ್ತ ಮರಿಗೆ, ಕಾಲು ಮುರಿದ ನಾಯಿಗೆ, ಯಾರೋ ಸಾಕಿ ಬಿಟ್ಟುಹೋದ ಲ್ಯಾಬ್ರಡಾರಿಗೆ ಮರಳುವುದಕ್ಕೆ ಬೀದಿ ಎಲ್ಲಿದೆ? ಮನೆ ತೋರಿಸಿ ಮತ್ತೆ ಬಿಡಿಸುವುದು ಪ್ರಾಣಿಗೆ ಹಿಂಸೆ ಎನ್ನುವವರ ವಾದ ಇನ್ನೂ ದುರ್ಬಲ. ಅಮೆರಿಕದ ಐದು ಶೆಲ್ಟರುಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಲ್ಲಿಟ್ಟು ನೋಡಿದ ಲೀಸಾ ಗಂಟರ್ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ, ಒತ್ತಡ ಸೂಚಿಸುವ ಕಾರ್ಟಿಸಾಲ್ ಮನೆಯಲ್ಲಿದ್ದಾಗ ಇಳಿಯಿತು. ಶೆಲ್ಟರಿಗೆ ಮರಳಿದ ಮೇಲೆ ಮೊದಲಿದ್ದ ಮಟ್ಟಕ್ಕೆ ಬಂತೇ ಹೊರತು ಅದನ್ನು ಮೀರಲಿಲ್ಲ.

ನನ್ನ ದೊಡ್ಡ ಜಗಳ ಇವರೊಂದಿಗಲ್ಲ. ಫಾಸ್ಟರ್ ಮಾಡಿದವರು ಆ ಪ್ರಾಣಿಯನ್ನು ತಾವೇ ಇಟ್ಟುಕೊಂಡಾಗ ‘ಫಾಸ್ಟರ್ ಫೇಲ್’ ಎಂದು ಸಂಭ್ರಮಿಸುವವರೊಂದಿಗೆ. ಆ ಒಂದು ಪ್ರಾಣಿಯ ಮಟ್ಟಿಗೆ ಅದು ಸುಖಾಂತ್ಯ, ಒಪ್ಪುತ್ತೇನೆ. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಎಷ್ಟು ನಾಯಿಗೆ ಜಾಗ? ಒಂದನ್ನು ಇಟ್ಟುಕೊಂಡ ದಿನ ಮುಂದೆ ಬರಬಹುದಾಗಿದ್ದ ಮರಿಗಳಿಗೆ ಆ ಬಾಗಿಲು ಮುಚ್ಚುತ್ತದೆ. ಮರಿಯನ್ನು ಪಳಗಿಸಿ, ಅದರ ಗುಣ ತಿಳಿದು, ಹೊಂದುವ ಮನೆಗೆ ಕಳಿಸಿ, ಮುಂದಿನದಕ್ಕೆ ಸಿದ್ಧರಾಗುವವರನ್ನು ಕಲ್ಲೆದೆಯವರು ಎಂದು ಆಡಿಕೊಳ್ಳುವವರಿದ್ದಾರೆ. ಈ ಪದ್ಧತಿಯನ್ನು ಪೂರ್ಣವಾಗಿ ನಡೆಸುತ್ತಿರುವವರು ಅವರೇ.

ಫಾಸ್ಟರ್ ಮನೆ ಈ ನಗರದ ಪ್ರಾಣಿಗಳಿಗೆ ಸಿಕ್ಕಿರುವ ಅತ್ಯುತ್ತಮ ಆಸರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಂಡದ್ದನ್ನು ಬರೆದುಕೊಡದ ಫಾಸ್ಟರ್ ಅರ್ಧ ಕೆಲಸ. ಮರಿಯ ಜೊತೆ ಒಂದು ಪುಟ ಕೊಡಿ: ಲಸಿಕೆಯ ದಿನಾಂಕಗಳು, ಜಂತುಹುಳದ ಔಷಧಿ ಕೊಟ್ಟ ದಿನ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವಾಗ ಗುರುಗುಟ್ಟುತ್ತದೆ. ದತ್ತು ಪಡೆಯುವವರೇ, ಆ ಪುಟ ಕೈಗೆ ಬರುವ ತನಕ ಮರಿಯನ್ನು ಎತ್ತಿಕೊಳ್ಳಬೇಡಿ.