ಬಿದ್ದದ್ದು ಧರೆ

ಲ್ಯಾಂಡ್‌ಸ್ಲೈಡ್, ಲ್ಯಾಂಡ್‌ಸ್ಲಿಪ್. ನೋಡಲು ಅಕ್ಕತಂಗಿಯರಂತಿರುವ ಈ ಎರಡು ಇಂಗ್ಲಿಷ್ ಪದಗಳಿಗೆ ನಮ್ಮ ಶಾಲೆಗಳಲ್ಲಿ ಒಂದು ಸುಲಭದ ಪಾಠವಿದೆ. ದೊಡ್ಡದು ಕುಸಿದರೆ ಲ್ಯಾಂಡ್‌ಸ್ಲೈಡ್, ಸಣ್ಣದು ಕುಸಿದರೆ ಲ್ಯಾಂಡ್‌ಸ್ಲಿಪ್. ಕನ್ನಡಕ್ಕೆ ತರುವಾಗ ಎರಡೂ ಭೂಕುಸಿತ. ಅಂಕೋಲೆ ತಾಲೂಕಿನಲ್ಲಿ ಇಂಗ್ಲಿಷ್ ಕಲಿಸುತ್ತ ನಾನೂ ಎಷ್ಟೋ ವರ್ಷ ಹೀಗೇ ಹೇಳಿಕೊಟ್ಟೆ. ಆ ಪಾಠ ತಪ್ಪು. ಇಂಗ್ಲಿಷಿನ ಮಟ್ಟಿಗೆ ಸಣ್ಣ ತಪ್ಪು, ಕನ್ನಡದ ಮಟ್ಟಿಗೆ ದೊಡ್ಡ ತಪ್ಪು.

ಇಂಗ್ಲಿಷಿನದನ್ನು ಬೇಗ ಮುಗಿಸುತ್ತೇನೆ. ಲ್ಯಾಂಡ್‌ಸ್ಲಿಪ್ ಇಂಗ್ಲೆಂಡಿನ ಹಳೆಯ ಪದ. ಲ್ಯಾಂಡ್‌ಸ್ಲೈಡ್ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕಡೆಯಿಂದ ಬಂದು ಅದನ್ನು ಹಿಂದೆ ಹಾಕಿತು. 1839ರ ಕ್ರಿಸ್‌ಮಸ್ ಹಿಂದಿನ ದಿನ ಡೆವನ್ ಕರಾವಳಿಯ ಬಿಂಡನ್‌ನಲ್ಲಿ ಹೊಲಗಳ ಸಮೇತ ಎಕರೆಗಟ್ಟಲೆ ನೆಲ ಕಡಲಿನತ್ತ ಸರಿಯಿತು. ಕಾನಿಬೇರ್, ಬಕ್‌ಲ್ಯಾಂಡ್‌ರಂಥ ಭೂವಿಜ್ಞಾನಿಗಳು ಅಭ್ಯಾಸ ಮಾಡಿದ ಆ ಮಹಾ ಕುಸಿತ ಹೆಸರಾದದ್ದು ಬಿಂಡನ್ ಲ್ಯಾಂಡ್‌ಸ್ಲಿಪ್ ಎಂದು. ಸಣ್ಣದಕ್ಕೆ ಸ್ಲಿಪ್ ಎಂಬ ನಿಯಮ ಅಲ್ಲೇ ಮುರಿದುಬೀಳುತ್ತದೆ. ಚುನಾವಣೆಯ ಭರ್ಜರಿ ಗೆಲುವಿಗೆ ಮಾತ್ರ ಲ್ಯಾಂಡ್‌ಸ್ಲೈಡ್ ಸಲ್ಲುತ್ತದೆ, ಲ್ಯಾಂಡ್‌ಸ್ಲಿಪ್ ಸಲ್ಲುವುದಿಲ್ಲ. ಬಳಕೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಅಷ್ಟೇ. ಭೂವಿಜ್ಞಾನಿಗಳಂತೂ ಇಳಿಜಾರಿನಲ್ಲಿ ಕಲ್ಲುಮಣ್ಣು ಜಾರಲಿ, ಉರುಳಲಿ, ಕೆಸರಾಗಿ ಹರಿಯಲಿ, ಎಲ್ಲಕ್ಕೂ ಲ್ಯಾಂಡ್‌ಸ್ಲೈಡ್ ಎಂಬ ಒಂದೇ ಹೆಸರಿಟ್ಟುಕೊಂಡಿದ್ದಾರೆ. ಅವರ ಕೆಲಸಕ್ಕೆ ಅದು ಸಾಕು. ಆದರೆ ಬಿದ್ದ ಜಾಗಕ್ಕೆ ಮನುಷ್ಯನ ಕೈ ತಾಗಿತ್ತೇ ಇಲ್ಲವೇ ಎಂಬುದನ್ನು ಈ ಎರಡು ಪದಗಳಲ್ಲಿ ಯಾವುದೂ ಹೇಳುವುದಿಲ್ಲ.

ಅದನ್ನು ಹೇಳುವ ಪದ ನಮ್ಮಲ್ಲಿದೆ. ಧರೆ.

ಕಾರವಾರದಿಂದ ಕೆಳಗೆ ಕರಾವಳಿಯುದ್ದಕ್ಕೂ, ಘಟ್ಟದ ಮೇಲೂ, ಧರೆ ಎಂದರೆ ಗುಡ್ಡವನ್ನೋ ದಿಬ್ಬವನ್ನೋ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆ. ಮನೆಗೆ ಜಾಗ ಸಮ ಮಾಡಿದರೆ ಹಿತ್ತಿಲಲ್ಲೊಂದು ಧರೆ ಏಳುತ್ತದೆ. ತೋಟಕ್ಕೆ ದಾರಿ ತೆಗೆದರೆ ದಾರಿಯ ಪಕ್ಕ ಧರೆ. ಧರೆ ಇದ್ದಲ್ಲಿ ಕಡಿದವರಿರುತ್ತಾರೆ, ಕಡಿದವರಿಗೆ ಅದನ್ನು ಕಾಯುವ ಕೆಲಸವೂ ಬರುತ್ತದೆ. ಮಳೆಗಾಲಕ್ಕೆ ಮೊದಲು ಮೇಲಿನ ಅಂಚಿನಲ್ಲಿ ಅಗಳ ತೋಡಿ ನೀರನ್ನು ಬದಿಗೆ ತಿರುಗಿಸುತ್ತಾರೆ. ಧರೆಯ ಮೈಗೆ ತೆಂಗಿನ ಮಡಲು ಇಳಿಬಿಟ್ಟು ಮಳೆಯ ಹೊಡೆತ ತಪ್ಪಿಸುತ್ತಾರೆ. ಇದು ಸುಮ್ಮನೆ ಬಂದ ಎಚ್ಚರವಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು ಕಂಡರೂ ಅದರಡಿಗೆ ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿರುತ್ತದೆ. ಒಣಗಿದ್ದಾಗ ಗಟ್ಟಿಯಾಗಿ ನಿಂತಿರುವ ಆ ಮಣ್ಣು ನೀರು ಕುಡಿದರೆ ಬೆಣ್ಣೆ. ಕಡಿದ ಧರೆಯಲ್ಲಿ ಆ ಬೆಣ್ಣೆಯೇ ಬಯಲಿಗೆ ಬಂದಿರುತ್ತದೆ.

ಈ ಪದದ ಬೆಲೆ ನನಗೆ ತಿಳಿದದ್ದು ನಮ್ಮ ಊರಿನ ಒಬ್ಬ ಹೆಂಗಸಿನಿಂದ. ಆಷಾಢದ ಮಳೆಗೆ ಅವರ ಹಿತ್ತಿಲಿಗೆ ಮಣ್ಣು ಬಂದು ಬಚ್ಚಲುಮನೆ ಮುರಿದಿತ್ತು. ಪರಿಹಾರದ ಅರ್ಜಿ ಬರೆಸಿಕೊಳ್ಳಲು ಬಂದಿದ್ದರು. ‘ಮನೆಯ ಹಿಂದಿನ ಗುಡ್ಡ ಕುಸಿದು’ ಎಂದು ಬರೆದು ಓದಿ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, “ಅಕ್ಕೋರೆ, ಗುಡ್ಡ ಅಂತ ಬರೀಬೇಡಿ. ಗುಡ್ಡ ಅಲ್ಲೇ ನಿಂತದೆ. ಬಿದ್ದದ್ದು ಧರೆ. ಹೋದ ವರ್ಷ ರಸ್ತೆ ಅಗಲ ಮಾಡೂಕೆ ಜೇಸಿಬಿ ತಂದು ಕಡಿದ್ರಲ್ಲ, ಅದು” ಎಂದರು. ನಾನು ಹೊಡೆದುಹಾಕಿ ಧರೆ ಎಂದು ಬರೆದೆ. ಕಚೇರಿಯಲ್ಲಿ ಅದನ್ನು ಮತ್ತೆ ಹೊಡೆದು ಭೂಕುಸಿತ ಎಂದು ತಿದ್ದಿದರು. ತಿದ್ದಿದವರು ಕೆಟ್ಟವರಲ್ಲ. ಎರಡೂ ಒಂದೇ ಎಂದು ಅವರು ನಿಜವಾಗಿಯೂ ನಂಬಿದ್ದರು.

ಆ ನಂಬಿಕೆ ಹುಟ್ಟಿದ ಬಗೆಯೂ ಊಹೆಗೆ ನಿಲುಕುವಂಥದೇ. ಪುಸ್ತಕದ ಕನ್ನಡದಲ್ಲಿ ಧರೆ ಎಂದರೆ ಭೂಮಿ. ಧರೆಗೆ ಇಳಿದ ದೇವತೆ, ಧರೆಗುರುಳಿದ ಮರ ಎಂದೆಲ್ಲ ಓದಿ ಬೆಳೆದ ಕಚೇರಿಯವರಿಗೂ ದೂರದೂರಿನ ಪತ್ರಿಕೆಗಳ ಉಪಸಂಪಾದಕರಿಗೂ ಧರೆ ಕುಸಿತವೆಂದರೆ ಭೂಕುಸಿತಕ್ಕೆ ಇನ್ನೊಂದು ಹೆಸರಾಗಿ ಕಾಣುತ್ತದೆ. ನಮ್ಮ ಬಾಯಲ್ಲಿರುವ ಧರೆ, ಎಷ್ಟೋ ಕಡೆ ದರೆ ಎಂದೇ ಕೇಳಿಸುವ ಪದ, ಬೇರೆಯೇ. ಅಕ್ಷರ ಒಂದೇ, ಅರ್ಥ ಎರಡು. ಇಂಗ್ಲಿಷಿನ ಜೋಡಿಪದಗಳನ್ನು ಇಷ್ಟು ಶ್ರದ್ಧೆಯಿಂದ ಬಾಯಿಪಾಠ ಮಾಡಿಸುವ ನಾವು ನಮ್ಮದೇ ಈ ಜೋಡಿಯನ್ನು ಒಮ್ಮೆಯೂ ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ.

ಧರೆ ಕುಸಿತ, ಗುಡ್ಡ ಕುಸಿತ ಎರಡೂ ಬೇರೆ ಎಂದು ಗೊತ್ತಿದ್ದವರು ಕೂಡ ಇಂಗ್ಲಿಷಿನ ಅಳತೆಗೋಲನ್ನೇ ಹಿಡಿಯುತ್ತಾರೆ: ನಾಲ್ಕು ಬುಟ್ಟಿ ಮಣ್ಣು ಬಿದ್ದರೆ ಧರೆ, ಜನ ಸತ್ತರೆ ಗುಡ್ಡ. ನನ್ನ ತಕರಾರು ಇರುವುದು ಇಲ್ಲಿ. 2009ರ ಅಕ್ಟೋಬರ್ 2ರಂದು ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ ಮನೆಗಳ ಮೇಲೆ ಗುಡ್ಡ ಬಂದು 19 ಜನ ಸತ್ತರು. ಅದನ್ನು ಗುಡ್ಡ ಕುಸಿತ ಎನ್ನಲು ನನ್ನ ಅಡ್ಡಿಯಿಲ್ಲ. ಅಲ್ಲಿ ಮೊದಲು ಕೇಳಬೇಕಾದದ್ದು ಗುಡ್ಡದ ಬುಡದಲ್ಲಿದ್ದವರಿಗೆ ಎಚ್ಚರಿಕೆ ಮುಟ್ಟಿತ್ತೇ ಎಂಬುದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಆದದ್ದಕ್ಕೆ ಬೇರೆ ಪ್ರಶ್ನೆ ಬೇಕು. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. ಮಣ್ಣು ರಸ್ತೆಬದಿಯ ಚಹಾದಂಗಡಿಯನ್ನು, ನಿಂತಿದ್ದ ವಾಹನಗಳನ್ನು ಎಳೆದುಕೊಂಡು ನದಿಗೆ ಬಿತ್ತು. ನದಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. 11 ಜೀವ ಹೋದವು. ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ಭಾರಿ ಮಳೆಯ ಜೊತೆಗೆ ರಸ್ತೆಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಹೇಳಿದರು. ಹಾಗಿದ್ದ ಮೇಲೆ, ಎಷ್ಟೇ ಎತ್ತರವಿರಲಿ, ನಮ್ಮ ಮಾತಿನಲ್ಲಿ ಅದು ಧರೆ.

ಇಷ್ಟು ದೊಡ್ಡ ದುರಂತವನ್ನು ಧರೆ ಎಂದರೆ ಸತ್ತವರನ್ನು ಸಣ್ಣದು ಮಾಡಿದಂತೆ ಎಂದು ಗೆಳೆಯರೊಬ್ಬರು ನೊಂದು ಹೇಳಿದರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಧರೆ ಸಣ್ಣ ಪದವೆಂದು ನಮಗೆ ಅನಿಸುತ್ತಿರುವುದೇ ಆ ಹಳೇ ಅಳತೆಗೋಲಿನಿಂದ. ಮಳೆ ಬರದಿದ್ದರೆ ಧರೆ ಬೀಳುತ್ತಿರಲಿಲ್ಲವಲ್ಲ ಎನ್ನುವವರೂ ಇದ್ದಾರೆ. ಬೀಳುತ್ತಿರಲಿಲ್ಲ, ನಿಜ. ಆದರೆ ಇಲ್ಲಿ ಜುಲೈನಲ್ಲಿ ಮಳೆ ಬರುವುದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೇ ಮಡಲು ಕಟ್ಟುತ್ತೇವೆ.

ಹೆಚ್ಚು ತೂಕದ ಆಕ್ಷೇಪ ಕಚೇರಿಯ ಕಡೆಯಿಂದ ಬರುವುದು. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಇರುವ ಪದ ಭೂಕುಸಿತ. ಬೇರೆ ಏನಾದರೂ ಬರೆದರೆ ಬಡವರ ಹಣ ನಿಂತೀತು. ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತಿನ ವ್ಯಾಖ್ಯೆಯಲ್ಲೇ ಪ್ರಕೃತಿಯ ಜೊತೆಗೆ ಮನುಷ್ಯನಿಂದಾದ ಕಾರಣಗಳನ್ನೂ ನಿರ್ಲಕ್ಷ್ಯವನ್ನೂ ಸೇರಿಸಿದೆ. ಪರಿಹಾರಕ್ಕೆ ಭೂಕುಸಿತ ಎಂದೇ ಇರಲಿ. ಮಹಜರಿನಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಬರಲಿ: ಧರೆಯೋ ಗುಡ್ಡವೋ, ಧರೆಯಾದರೆ ಕಡಿದದ್ದು ಯಾರು, ಯಾವಾಗ, ಎಷ್ಟು ನೆಟ್ಟಗೆ, ಮೇಲೆ ನೀರಿಗೆ ದಾರಿ ಬಿಟ್ಟಿದ್ದರೇ.

ಪದ ಬದಲಾದರೆ ಕೆಲಸ ಬದಲಾಗುತ್ತದೆಯೇ ಎಂದು ಕೇಳುವವರು ಅಂಕೋಲೆಯ ಮೇಲೆಯೇ ಹಾದುಹೋಗುವ ಕೊಂಕಣ ರೈಲಿನ ಹಳಿಯನ್ನು ನೋಡಬೇಕು. ಗುಡ್ಡ ಕಡಿದು ಹಳಿ ಹಾಕಿದ ಜಾಗಕ್ಕೆ ರೈಲಿನವರ ಹೆಸರು ಕಟಿಂಗ್. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ರೈಲು ವೈಭವವಾಡಿಯ ಬಳಿ ಅಂಥದೇ ಒಂದು ಕಟಿಂಗಿನಲ್ಲಿ, ಹಳಿಯ ಮೇಲೆ ಬಿದ್ದ ಕಲ್ಲುಮಣ್ಣಿಗೆ ಸಿಕ್ಕು 50ಕ್ಕೂ ಹೆಚ್ಚು ಜನ ಸತ್ತರು. ಇಂದು ಮಳೆಗಾಲಕ್ಕೆ ಆ ದಾರಿಯಲ್ಲಿ ಬೇರೆ ವೇಳಾಪಟ್ಟಿ, ಕಡಿಮೆ ವೇಗ, ಕಟಿಂಗಿನ ಮೈಗೆ ತಂತಿಬಲೆ, ರಾತ್ರಿಯೆಲ್ಲ ಟಾರ್ಚು ಹಿಡಿದು ನಡೆಯುವ ಗಸ್ತಿನವರು. ಕಡಿದದ್ದು ನಾವು ಎಂದು ಆ ಹೆಸರೇ ಒಪ್ಪಿಕೊಂಡಿದೆ. ಪಕ್ಕದಲ್ಲೇ ಓಡುವ ಹೆದ್ದಾರಿಯ ಬದಿಗೆ ನಿಂತಿರುವುದಕ್ಕೆ ನಾವು ಇನ್ನೂ ಗುಡ್ಡ ಎನ್ನುತ್ತಿದ್ದೇವೆ.

ಆ ಹೆಂಗಸಿನ ಅರ್ಜಿಗೆ ಹಣ ಬಂತು, ಬಚ್ಚಲುಮನೆ ಎದ್ದಿತು. ಈ ಸಲ ಮಿರ್ಗದ ಮಳೆ ಹಿಡಿಯುವ ಮೊದಲು ಮತ್ತೆ ಬಂದಿದ್ದರು. ಇನ್ನೂ ಏನೂ ಬಿದ್ದಿಲ್ಲ. “ಬೀಳೂಕೆ ಮುಂಚೆ ಬರೆದ್ರೆ ತಗಳ್ತಾರಾ ಅಕ್ಕೋರೆ? ಧರೆ ಮೇಲೆ ಹಲಸಿನ ಮರದ ಬುಡದಿಂದ ಒಂದು ಬಿರುಕು ಹೊರಟದೆ. ನನ್ನ ಕೈ ಹೋಗ್ತದೆ ಅದ್ರಲ್ಲಿ.” ಅರ್ಜಿಯ ನಮೂನೆಯಲ್ಲಿ ಬಿರುಕಿಗೆ ಜಾಗವಿರಲಿಲ್ಲ. ಹಿಂಬದಿಯ ಖಾಲಿ ಪುಟದಲ್ಲಿ ಬರೆದು, ಧರೆ ಎಂಬ ಪದದ ಕೆಳಗೆ ಗೆರೆ ಎಳೆದು ಕೊಟ್ಟೆ.